ಕಗ್ಗಲಕೊಪ್ಪಲಿನ ಎರಡು ಬಾವಿ

ಕೇರಿಯಲ್ಲಿ ಒಬ್ಬರೂ ವಾಂತಿ ಮಾಡಿಕೊಳ್ಳಲಿಲ್ಲ. ತಕರಾರು ಶುರುವಾದದ್ದೇ ಅಲ್ಲಿಂದ.

ತೊಂಬತ್ತಮೂರನೇ ಇಸವಿ. ಗೌರಿಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ಅಕ್ಕಿಹೆಬ್ಬಾಳಿನಿಂದ ಒಳಕ್ಕೆ, ನಾಲೆಯ ಕೊನೆಗೆ ಬಿದ್ದಿರುವ ಕಗ್ಗಲಕೊಪ್ಪಲಿನ ಮೇಲಿನ ಬೀದಿಗೆ ವಾಂತಿಭೇದಿ ಹೊಕ್ಕಿತು. ನಾಲ್ಕು ದಿನದಲ್ಲಿ ಗೌಡರ ಮನೆಗಳ ಮೂವತ್ತೊಂದು ಜನ ಹಾಸಿಗೆ ಹಿಡಿದರು. ಇಬ್ಬರು ಸತ್ತರು. ಹಳ್ಳದ ಈಚೆ ಕೇರಿಯಲ್ಲಿ ಮಾತ್ರ ಜನ ಮುದ್ದೆ ಉಂಡು, ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು, ಸಂಜೆ ಬೀಡಿ ಸೇದಿಕೊಂಡು ನೆಟ್ಟಗಿದ್ದರು.

ಇದು ಊರಿಗೆ ಸರಿ ಕಾಣಲಿಲ್ಲ. ರೋಗ ಅಂದರೆ ಮೊದಲು ಕೇರಿಗೆ ಬರಬೇಕು. ಸಾಯುವುದಿದ್ದರೆ ಮೊದಲು ಹೊಲೆಯರು ಸಾಯಬೇಕು. ಸಿಡುಬು ಬಂದಾಗ ಹಾಗೇ ಆಗಿತ್ತು, ಪ್ಲೇಗು ಬಂದಾಗಲೂ ಹಾಗೇ ಆಗಿತ್ತು. ಈ ಸಲ ರೋಗವೂ ಪದ್ಧತಿ ಬಿಟ್ಟಿತಲ್ಲ ಎಂದು ಮೇಲಿನ ಬೀದಿಯ ಜಗಲಿಗಳ ಮೇಲೆ ಮಾತಾಯಿತು.

ಆರೋಗ್ಯ ಇನ್ಸ್‌ಪೆಕ್ಟರ್ ಶಿವಲಿಂಗಯ್ಯನಿಗೂ ಇದು ಸರಿ ಕಾಣಲಿಲ್ಲ. ಅವನು ಶ್ರೀರಂಗಪಟ್ಟಣದ ಕಡೆಯ ಸಣಕಲು ಮನುಷ್ಯ. ಮೊಪೆಡ್ಡಿನ ಹಿಂದೆ ಎರಡು ಚೀಲ ಬ್ಲೀಚಿಂಗ್ ಪುಡಿ ಕಟ್ಟಿಕೊಂಡು ಬಂದಿದ್ದ. ಅವನ ಫಾರಮ್ಮಿನಲ್ಲಿ ಊರಿಗೊಂದು ಕಾಲಂ, ಕೇರಿಗೊಂದು ಕಾಲಂ ಇತ್ತು. ಕೇರಿಯ ಕಾಲಂ ಖಾಲಿ. ಮನೆ ಮನೆ ಸುತ್ತಿ ಬೇಸತ್ತು ಕೊನೆಗೆ ಚಿಕ್ಕಬೋರಮ್ಮನ ಬಾಗಿಲಿಗೆ ಬಂದ. ಚಿಕ್ಕಬೋರಮ್ಮ ನಲವತ್ತೈದರ ಹೆಂಗಸು. ಕೂಲಿಗೆ ಹೋಗುವವಳು, ಯಾರೊಂದಿಗಾದರೂ ಮುಖ ಕೊಟ್ಟು ಮಾತಾಡುವವಳು.

"ಯಾರಿಗಾದ್ರೂ ಹೊಟ್ಟೆ ಕೆಟ್ಟಿದ್ಯೇನಮ್ಮ? ಸುಮ್ನೆ ಎರಡು ಸಲ ಹೋಗಿ ಬಂದಿದ್ರೂ ಸಾಕು, ಬರ್ಕೊಳ್ತೀನಿ."

"ಯಾರ್ಗೂ ಇಲ್ಲ ಸ್ವಾಮಿ."

"ನೋಡಮ್ಮ, ಹಿಂಗೆ ಸೊನ್ನೆ ಬರೆದ್ರೆ ನಾನು ಕೇರಿಗೆ ಕಾಲೇ ಇಟ್ಟಿಲ್ಲ ಅಂತಾರೆ ಮೇಲಿನೋರು. ನನಗೆ ನೋಟೀಸು ಬರುತ್ತೆ."

"ಅದ್ಕೆ ನಾವು ಬೇದಿ ಮಾಡ್ಕಬೇಕಾ?"

ಶಿವಲಿಂಗಯ್ಯ ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಾಗೇನೂ ಇಲ್ಲ ಅಂದ. ಸಂಜೆ ಫಾರಮ್ಮಿನಲ್ಲಿ ಕೇರಿಯವರು ಏಳು ಜನ ಎಂದು ಬರೆದುಕೊಂಡ. ಹೆಸರು ಬೇಕಲ್ಲ, ಹಳೆಯ ಮಲೇರಿಯಾ ಪಟ್ಟಿಯಿಂದ ಇಳಿಸಿಕೊಂಡ. ಏಳರಲ್ಲಿ ಒಬ್ಬ ಹೋದ ವರ್ಷವೇ ಸತ್ತಿದ್ದ.

ಬ್ಲೀಚಿಂಗ್ ಪುಡಿಯ ಕತೆಯೂ ಅಷ್ಟೆ. ಅದನ್ನು ಊರ ಬಾವಿಗೆ ಹಾಕಬೇಕಿತ್ತು. ಊರ ಯಜಮಾನ ನಂಜಪ್ಪ ಅಡ್ಡ ಬಂದ. "ದೇವ್ರ ಅಭಿಷೇಕಕ್ಕೆ ಇದೇ ನೀರು. ಈ ಕಮಟು ಪುಡಿ ಸುರುದ್ಬುಟ್ರೆ ದೇವ್ರು ಮೈ ತೊಳಿಯಾದೆಂಗೆ?" ಅಂದ. ತಂದ ಚೀಲ ವಾಪಸು ಒಯ್ದರೆ ಶಿವಲಿಂಗಯ್ಯ ಅದಕ್ಕೂ ಉತ್ತರ ಬರೆಯಬೇಕು. ಎರಡು ಚೀಲವನ್ನೂ ರೋಗವೇ ಇಲ್ಲದ ಕೇರಿಯ ಬಾವಿಗೆ ಸುರಿದ. ಮೂರು ದಿನ ಕೇರಿಯವರು ಮೂಗು ಮುಚ್ಚಿಕೊಂಡು ನೀರು ಕುಡಿದರು. ಮುದ್ದೆಗೂ ಆಸ್ಪತ್ರೆಯ ವಾಸನೆ ಬಂತು.

ರೋಗ ಎಲ್ಲಿಂದ ಬಂತು ಅನ್ನುವುದು ಚಿಕ್ಕಬೋರಮ್ಮನಿಗೆ ಗೊತ್ತಿತ್ತು. ಅವಳ ಗಂಡ ಚಿಕ್ಕಮಾದಯ್ಯನೇ ಆ ಗುಂಡಿ ತೋಡಿದವನು.

ಹೋದ ಬೇಸಿಗೆಯಲ್ಲಿ ನಂಜಪ್ಪ ತನ್ನ ಮನೆಗೆ ಕಕ್ಕಸು ಕಟ್ಟಿಸಿದ. ಊರಿಗೇ ಮೊದಲನೆಯದು. ಗುಂಡಿ ಎಲ್ಲಿ ತೋಡಬೇಕು ಅನ್ನುವುದು ದೊಡ್ಡ ಚರ್ಚೆಯಾಯಿತು. ದೇವರ ಮನೆಯ ಕಡೆ ಆಗದು, ಒಲೆಯ ಕಡೆ ಆಗದು, ತುಳಸಿ ಕಟ್ಟೆಯ ಕಡೆ ಆಗದು, ಯಮನ ದಿಕ್ಕೂ ಆಗದು. ಎಲ್ಲ ದಿಕ್ಕು ಕಳೆದು ಉಳಿದದ್ದು ಊರ ಬಾವಿಯ ಕಡೆ. ಅಳೆದರೆ ಹದಿನೈದು ಹೆಜ್ಜೆ. ಆಳುದ್ದ ತೋಡಿದ ಮೇಲೆ ಚಿಕ್ಕಮಾದಯ್ಯ ಗುಂಡಿಯೊಳಗಿಂದ ತಲೆ ಎತ್ತಿ, "ಬುದ್ದಿ, ಅಡೀಲಿ ಬರೀ ಮರ್ಳು. ಇಲ್ಲಿ ಬಿದ್ದದ್ದು ಬಾವಿಗೇ ಓಯ್ತದೆ," ಅಂದ. "ತೋಡು ಅಂದ್ರೆ ತೋಡ್ಲಾ, ವಾಸ್ತು ನಿಂಗೇನ್ ಗೊತ್ತು," ಅಂದ ನಂಜಪ್ಪ. ಚಿಕ್ಕಮಾದಯ್ಯ ತೋಡಿದ.

ಕಕ್ಕಸು ಮುಗಿದ ದಿನ ಇದೇ ಶಿವಲಿಂಗಯ್ಯ ಹಾರ ತಂದ. 'ಮಾದರಿ ಶೌಚಾಲಯ' ಎಂದು ಕಲ್ಲು ನೆಡಿಸಿದ. ನಂಜಪ್ಪನ ಮನೆಯವರು ಅದಕ್ಕೆ ಬೀಗ ಹಾಕಿ, ತಾವು ಎಂದಿನಂತೆ ಚೆಂಬು ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಶ್ರಾವಣದಲ್ಲಿ ಮಗಳ ಮದುವೆಗೆ ಮೈಸೂರಿನಿಂದ ಬೀಗರು ಬಂದಾಗ ಬೀಗ ತೆಗೆದರು. ಅರವತ್ತು ಜನ ಮೂರು ದಿನ ಉಂಡು ಅಲ್ಲಿಗೆ ಹೋದರು. ಆಮೇಲೆ ಒಂದು ವಾರ ಮಳೆ ಹಿಡಿಯಿತು. ಆಮೇಲೆ ಊರು ಮಲಗಿತು.

ಚಿಕ್ಕಬೋರಮ್ಮ ಇದನ್ನು ಶಿವಲಿಂಗಯ್ಯನಿಗೆ ನೇರವಾಗಿಯೇ ಹೇಳಿದಳು.

"ಹಂಗೆಲ್ಲಾ ಮಾತಾಡ್ಬೇಡ ಕಣಮ್ಮ. ಆ ಕಲ್ಲಿನ ಮೇಲೆ ನನ್ನ ಹೆಸ್ರಿದೆ. ಮಾದರಿಯಿಂದ ರೋಗ ಬರಕ್ಕೆ ಆಗಲ್ಲ."

"ಬಂದದಲ್ಲ ಸ್ವಾಮಿ."

"ಬಂದಿರಬಹುದು. ಬರಕ್ಕೆ ಆಗಲ್ಲ."

ಫಾರಮ್ಮಿನಲ್ಲಿ ರೋಗದ ಮೂಲ ಎನ್ನುವ ಕಡೆ ಅವನು 'ಹವಾಮಾನ' ಎಂದು ಬರೆದ. ರೋಗದ ಹೆಸರು ಬರೆಯುವ ಕಡೆ ಏನೂ ಬರೆಯಲಿಲ್ಲ. ಕಾಲರಾ ಅನ್ನುವ ಮಾತನ್ನು ಯಾರೂ ಎತ್ತಕೂಡದು ಎಂದು ಮೇಲಿನಿಂದ ಬಾಯಿಮಾತಿನ ಅಪ್ಪಣೆ ಆಗಿತ್ತು. ಹೆಸರು ಹೇಳಿದರೆ ಲೆಕ್ಕಕ್ಕೆ ಬರುತ್ತದಂತೆ. ಹೆಸರಿಲ್ಲದ ರೋಗದಿಂದ ಜನ ಸತ್ತರೆ ಅದು ಬರೀ ಸಾವು.

ರೋಗಿಗಳನ್ನೆಲ್ಲ ಸ್ಕೂಲಿಗೆ ಹಾಕಿದರು. ಡಾಕ್ಟರು ದಿನಕ್ಕೊಂದು ಸಲ ಬಂದು ಬಾಟಲಿ ಏರಿಸಿ, ಮುಂದಿನ ಊರಿಗೆ ಓಡುತ್ತಿದ್ದರು. ಬಳಿಯುವುದಕ್ಕೆ ಕೇರಿಯಿಂದ ಚಿಕ್ಕಬೋರಮ್ಮ ಮತ್ತು ಇನ್ನಿಬ್ಬರು ಹೆಂಗಸರನ್ನು ಕರೆದರು. ಕರೆದರು ಅನ್ನುವುದು ಮರ್ಯಾದೆಯ ಮಾತು. ನಂಜಪ್ಪನ ಆಳು ಬಂದು, "ಬನ್ರಮ್ಮೀ, ಊರು ನಾರ್ತಾ ಅದೆ," ಅಂದ, ಅಷ್ಟೆ.

ಬೂದಿ, ಪೊರಕೆ, ಒಂದು ತಗಡಿನ ಬಕೆಟ್ಟು. ಬೆಳಗ್ಗೆ ಆರಕ್ಕೆ ಶುರು. ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಚಾಗಿ ಹರಿಯುತ್ತಿತ್ತು. ಬಳಿದು ಮುಂದಕ್ಕೆ ಹೋಗುವಷ್ಟರಲ್ಲಿ ಹಿಂದೆ ಮತ್ತೆ ಹರಿದಿರುತ್ತಿತ್ತು. ಸೊಂಟ ನೆಟ್ಟಗೆ ಮಾಡಲು ಬಿಡುವಿರಲಿಲ್ಲ. ಉಗುರಿನ ಸಂದಿಗೆ ಇಳಿದ ವಾಸನೆ ಉಣ್ಣುವಾಗ ಮೂಗಿಗೆ ಬರುತ್ತಿತ್ತು. ಇಲಾಖೆಯಿಂದ ಒಂದು ಜೊತೆ ರಬ್ಬರಿನ ಕೈಗವಸು ಬಂತು. ಅದನ್ನು ಶಿವಲಿಂಗಯ್ಯ ಹಾಕಿಕೊಂಡ, ಯಾಕೆಂದರೆ ಅವನು ರಿಜಿಸ್ಟರು ಮುಟ್ಟಬೇಕಿತ್ತು.

ಅಲ್ಲೊಂದು ಕಟ್ಟಳೆ ತಾನಾಗಿಯೇ ಆಗಿಹೋಯಿತು. ಉಪ್ಪು ಸಕ್ಕರೆಯ ಪೊಟ್ಟಣವನ್ನು ಚಿಕ್ಕಬೋರಮ್ಮ ಮುಟ್ಟಬಹುದು, ಅದು ಒಣಗಿದ್ದು. ನೀರಿಗೆ ಹಾಕಿ ಕಲಸಿದರೆ ಮುಟ್ಟಕೂಡದು, ಅದು ಒದ್ದೆ. ಒದ್ದೆಗೆ ಮೈಲಿಗೆ ಅಂಟುತ್ತದೆ. ರೋಗಿಯ ಕೆಳಗಿನಿಂದ ಬರುವುದನ್ನು ಬಳಿಯಲು ಅವಳು. ಬಾಯಿಗೆ ಹೋಗುವುದನ್ನು ಕುಡಿಸಲು ಅವರವರ ಜಾತಿಯವರು. ಆ ಜಾತಿಯವರೋ ಸೋಂಕಿಗೆ ಹೆದರಿ ಬಾಗಿಲಾಚೆ ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಎರಡನೇ ದಿನ ಒಬ್ಬ ಮುದುಕ ಹಾಗೇ ಹೋದ. ಲೋಟ ಅವನ ತಲೆಯ ಹತ್ತಿರವೇ ಇತ್ತು, ತುಂಬಿತ್ತು. ಚಿಕ್ಕಬೋರಮ್ಮ ಅದರ ಸುತ್ತ ನೆಲ ಬಳಿದಳು. ಲೋಟ ಮುಟ್ಟಲಿಲ್ಲ. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮೂರನೇ ದಿನ ಬೆಳಗ್ಗೆ ನಂಜಪ್ಪನ ತಾಯಿ ಬೈರಮ್ಮನನ್ನು ತಂದು ಹಾಕಿದರು. ಮಡಿಯ ಮುದುಕಿ. ಕೇರಿಯವರ ನೆರಳು ಬಿದ್ದರೆ ಕಾಲು ತೊಳೆಯುವವಳು. ಈಗ ಕಣ್ಣುಗುಡ್ಡೆ ಒಳಗೆ ಹೋಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮಗ ಬಾಗಿಲ ತನಕ ಬಂದು ಹೋಗಿದ್ದ.

"ಅಮ್ಮಿ, ನೀರು," ಅಂದಳು.

ಚಿಕ್ಕಬೋರಮ್ಮ ಸುತ್ತ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಕೈ ತಿಕ್ಕಿ ತೊಳೆದುಕೊಂಡಳು. ತಾನು ಕುಡಿಯಲು ಕೇರಿಯ ಬಾವಿಯಿಂದ ಸಣ್ಣ ಮಡಕೆಯಲ್ಲಿ ನೀರು ತಂದಿದ್ದಳು. ಅದಕ್ಕೇ ಒಂದು ಪೊಟ್ಟಣ ಸುರಿದು ಕಲಸಿದಳು. ಮುದುಕಿಯ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಗುಟುಕು ಗುಟುಕಾಗಿ ಬಾಯಿಗೆ ಬಿಟ್ಟಳು. ಬೈರಮ್ಮ ಕುಡಿದಳು. ಮತ್ತೆ ಕೇಳಿದಳು, ಮತ್ತೆ ಕುಡಿದಳು.

"ಯಾರ್ಗೂ ಯೇಳ್ಬ್ಯಾಡ ಕಣಮ್ಮಿ."

"ಇಲ್ಲ ಬುಡಿ ಅವ್ವಾರೆ."

ಪಕ್ಕದ ಚಾಪೆಯವಳು ಇದನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಅವಳೂ ಕೈ ಸನ್ನೆ ಮಾಡಿದಳು. ಆಮೇಲೆ ಕಿಟಕಿಯ ಹತ್ತಿರದವನು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನ ಚಿಕ್ಕಬೋರಮ್ಮನ ಕೈಯ ನೀರು ಕುಡಿದಿದ್ದರು. ಒಂದೇ ಕೋಣೆಯಲ್ಲಿ ಒಬ್ಬರ ಪಕ್ಕ ಒಬ್ಬರು ಮಲಗಿ, ಹನ್ನೊಂದು ಜನವೂ ಇದು ತಮ್ಮೊಬ್ಬರ ಗುಟ್ಟು ಎಂದುಕೊಂಡಿದ್ದರು. ಅವಳು ಮೂರು ಸಲ ಕೇರಿಗೆ ಹೋಗಿ ಮಡಕೆ ತುಂಬಿಸಿ ತಂದಳು. ಮನೆಯವರು ಇಟ್ಟು ಹೋದ ಊರ ಬಾವಿಯ ನೀರನ್ನೇ ಕುಡಿಯುತ್ತಿದ್ದ ಉಳಿದವರು ಕೆಡುತ್ತಲೇ ಇದ್ದರು. ಈ ಹನ್ನೊಂದು ಜನ ಮಾರನೇ ದಿನ ಎದ್ದು ಕೂತು ಗಂಜಿ ಕೇಳಿದರು.

ಮಗ ಬಂದಾಗ ಬೈರಮ್ಮ ಅವನ ಕಿವಿಯಲ್ಲಿ ಏನೋ ಹೇಳಿದಳು. ಕೈಯ ವಿಷಯ ಹೇಳಲಿಲ್ಲ. ನೀರಿನ ವಿಷಯ ಮಾತ್ರ ಹೇಳಿದಳು.

ಕೇರಿಯ ಬಾವಿ ಸುಮ್ಮನೆ ಬಂದದ್ದಲ್ಲ. ಹದಿನೆಂಟು ವರ್ಷದ ಹಿಂದೆ ಕೇರಿಯವರೇ ಸೇರಿ ತೋಡಿದ್ದು. ಅದಕ್ಕೆ ಮೊದಲು ಅವರು ಊರ ಬಾವಿಯಿಂದ ದೂರ ನಿಂತು, ಯಾರಾದರೂ ಎರೆಯುವ ತನಕ ಬಿಂದಿಗೆ ಇಟ್ಟುಕೊಂಡು ಕಾಯಬೇಕಿತ್ತು. ಹಗಲೆಲ್ಲ ಗೌಡರ ಗದ್ದೆಯಲ್ಲಿ ದುಡಿದು, ಸಂಜೆ ಇಳಿಹೊತ್ತಿನಲ್ಲಿ ಬಂಡೆ ಒಡೆದರು. ಸಿಡಿಮದ್ದಿಗೆ ಹಾರಿದ ಕಲ್ಲು ಚಿಕ್ಕಮಾದಯ್ಯನ ಎಡಗಾಲಿನ ಮೂರು ಬೆರಳು ತೆಗೆದುಕೊಂಡು ಹೋಯಿತು. ಅಂಥ ಬಾವಿ.

ಶುಕ್ರವಾರ ಬೆಳಗ್ಗೆ ಚಿಕ್ಕಬೋರಮ್ಮ ಬಿಂದಿಗೆ ಹಿಡಿದು ಹೋದರೆ ಬಾವಿಗೆ ಮಾವಿನ ತೋರಣ ಕಟ್ಟಿದೆ. ಪೂಜಾರಿ ಗಂಜಲ ಚಿಮುಕಿಸುತ್ತಿದ್ದಾನೆ. ಸುತ್ತ ಜಾಲಿ ಮುಳ್ಳಿನ ಬೇಲಿ ಎಳೆದಾಗಿದೆ. ಬೇಲಿಯ ಬಾಯಲ್ಲಿ ಊರಿನ ಇಬ್ಬರು ದೊಣ್ಣೆ ಹಿಡಿದು ನಿಂತಿದ್ದಾರೆ. ಶಿವಲಿಂಗಯ್ಯ ಒಂದು ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದಾನೆ. 'ಸಂರಕ್ಷಿತ ಕುಡಿಯುವ ನೀರು. ಸೋಂಕು ತಡೆಯುವ ಸಲುವಾಗಿ ಕೇರಿಯವರು ಮುಟ್ಟಬಾರದು' ಎಂದು ಅದರ ಮೇಲೆ ಬರೆದಿತ್ತು.

"ಇದು ನಮ್ಮ ಬಾವಿ," ಅಂದಳು ಚಿಕ್ಕಬೋರಮ್ಮ.

"ಹೌದಮ್ಮ. ಇಲ್ಲ ಅಂದ್ರಾ ಯಾರಾದ್ರೂ? ಇನ್ನು ಮೇಲೆ ಊರಿನೋರು ಇಲ್ಲಿ ನೀರು ತಗೋತಾರೆ. ನೀವು ಮುಟ್ಟಿದ್ರೆ ಅವ್ರು ಕುಡಿಯೋ ಹಂಗಿಲ್ಲವಲ್ಲ, ಅದಕ್ಕೆ."

"ಮೈಲಿಗೆ ಅನ್ನಿ ಮತ್ತೆ."

"ಛೆ ಛೆ. ಮೈಲಿಗೆ ಅಂದ್ರೆ ಕಾನೂನಿಗೆ ವಿರುದ್ಧ. ಇದು ಸೋಂಕು. ನೀವು ಸ್ಕೂಲಲ್ಲಿ ರೋಗಿಗಳನ್ನ ಮುಟ್ಟಿರೋರು. ಇದು ವಿಜ್ಞಾನ."

"ಮುಟ್ಟು ಅಂದೋರು ನೀವೇ ಅಲ್ವಾ?"

ಅವನು ಇನ್ನೊಂದು ಮೊಳೆ ಹೊಡೆದ. "ನಿಮಗೇನೂ ಮೋಸ ಇಲ್ಲ. ಊರ ಬಾವಿ ಪೂರ್ತಿ ನಿಮಗೇ ಬಿಟ್ಟಿದ್ದಾರೆ ನಂಜಪ್ಪೋರು. ಸಾವಿರ ವರ್ಷ ಕೇಳಿದ್ರೂ ಸಿಗ್ತಿತ್ತಾ ಹೇಳು. ನಾಳೆ ದೊಡ್ಡ ಸಾಹೇಬ್ರು ಬರ್ತಾರೆ. ಸಭೆ ಮಾಡಿ, ಫೋಟೋ ತೆಗೆದು, ಅಸ್ಪೃಶ್ಯತೆ ಹೋಯ್ತು ಅಂತ ಪೇಪರಿಗೆ ಹಾಕ್ಸ್ತಾರೆ."

ಚಿಕ್ಕಬೋರಮ್ಮ ಖಾಲಿ ಬಿಂದಿಗೆಯೊಂದಿಗೆ ಮನೆಗೆ ಬಂದಳು. ಸಿಟ್ಟಿನಲ್ಲಿ ಅದನ್ನು ಬಾಗಿಲಲ್ಲೇ ಕುಕ್ಕಿದಳು. ಆದರೆ ಅವಳಿಗೆ ಭಯವಾದದ್ದು ಸಂಜೆ, ಮಗ ಬಂದ ಮೇಲೆ.

ಮಗ ದೇವರಾಜು ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಇಳಿಸುವ ಕೂಲಿಗೆ ಹೋಗುತ್ತಿದ್ದ. ಇಪ್ಪತ್ತನಾಲ್ಕು ವರ್ಷ, ದಲಿತ ಸಂಘದ ಹುಡುಗ. ಹೋದ ವರ್ಷ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಊರ ಬಾವಿಗೆ ಹಗ್ಗ ಬಿಡಲು ಹೋಗಿದ್ದ. ಹಗ್ಗ ನೀರು ಮುಟ್ಟುವ ಮೊದಲೇ ದೊಣ್ಣೆ ಬಿದ್ದಿತ್ತು. ಮುರಿದ ಹೆಗಲು ಸರಿಯಾಗಿ ಕೂಡಿರಲಿಲ್ಲ. ಈಗ ಅವನ ಮುಖದಲ್ಲಿ ಹಬ್ಬ ಇತ್ತು.

"ಅವ್ವ, ಅದೇ ಬಾವಿ. ನಂಜಪ್ಪನೇ ಕೈಯಾರ ಸೇದ್ಕೊಡ್ತನಂತೆ. ಲೋಟದಲ್ಲಿ. ಮೊದ್ಲು ನಾನೇ ಕುಡೀತೀನಿ ಅಂತ ಯೇಳಿವ್ನಿ."

"ಅದ್ರಲ್ಲಿ ಹೇಲು ಅದೆ ಕಣ್ಲಾ."

"ಗೊತ್ತದೆ."

"ಗೊತ್ತಿದ್ದೂ ಕುಡೀತೀಯಾ?"

"ಒಂದು ಗುಟುಕು. ಬ್ಯಾಡ ಅಂದ್ರೆ ನಾಳೀಕೆ ಏನಂತಾರೆ ಗೊತ್ತಾ? ಕೊಟ್ವಿ, ಅವ್ರೇ ಬ್ಯಾಡ ಅಂದ್ರು ಅಂತಾರೆ. ಇನ್ನು ನೂರು ವರ್ಸ ಕೇಳಂಗಿಲ್ಲ. ಹಕ್ಕು ಹಕ್ಕೇ ಅವ್ವ."

ಚಿಕ್ಕಮಾದಯ್ಯ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ. "ಲೋ ಮಗ, ಆ ಗುಂಡಿ ತೋಡ್ದೋನು ನಾನು. ಅರವತ್ತು ಜನದ್ದು ಅಲ್ಲಿ ಅದೆ. ಒಂದು ಗುಟುಕಾ, ಒಂದು ಬಿಂದ್ಗೆಯಾ, ಅದ್ಕೆ ಲೆಕ್ಕ ಇಲ್ಲ ಕಣ್ಲಾ," ಅಂದ.

"ಸತ್ರೂ ಬಾವಿ ಮುಟ್ಟಿ ಸತ್ತ ಅಂತಾರೆ ಬುಡು," ಅಂದ ದೇವರಾಜು. ತಮಾಷೆಗೆ ಹೇಳಿರಲಿಲ್ಲ. ಚಿಕ್ಕಬೋರಮ್ಮ ಒಲೆಗೆ ಸೌದೆ ನೂಕಿದಳು. ನಾಲ್ಕು ದಿನದಿಂದ ಅವಳು ಸ್ಕೂಲಿನಲ್ಲಿ ನೋಡಿದ್ದಳು. ಇವನಿಗಿಂತ ಗಟ್ಟಿಮುಟ್ಟಾದ ಗಂಡಸರು ಸಂಜೆ ಬಂದು ಬೆಳಗಿನ ಹೊತ್ತಿಗೆ ಬಟ್ಟೆಯ ಗಂಟಾಗುತ್ತಿದ್ದರು. ಮಗನ ಮಾತಿನಲ್ಲೂ ನ್ಯಾಯ ಇತ್ತು. ಅದೇ ಅವಳಿಗೆ ತಾಳಲಾರದ ಸಂಕಟವಾಗಿತ್ತು. ಹೊಡೆದು ಕೊಡದೆ ಇದ್ದವರು, ಈಗ ಕೊಟ್ಟು ಕೊಲ್ಲುತ್ತಿದ್ದರು.

ಶನಿವಾರ ಹನ್ನೊಂದು ಗಂಟೆಗೆ ಊರ ಬಾವಿಯ ಪಕ್ಕ ಶಾಮಿಯಾನ ಬಿತ್ತು. ಮೈಕು ಬಂತು. ಕೇರಿಯವರನ್ನೆಲ್ಲ ಒಗೆದ ಬಟ್ಟೆ ಹಾಕಿಸಿ ಕರೆತಂದು ಸಾಲಾಗಿ ನಿಲ್ಲಿಸಿದರು. ದೊಡ್ಡ ಸಾಹೇಬರು ಜೀಪಿನಿಂದ ಇಳಿದರು. ಸ್ಟುಡಿಯೋದವನು ಕ್ಯಾಮೆರಾ ಹಿಡಿದು ಹಿಂದೆ ಬಂದ. ಕಕ್ಕಸಿನ ಕಲ್ಲು ಫೋಟೋದಲ್ಲಿ ಚೆನ್ನಾಗಿ ಕಾಣುವಂತೆ ಶಿವಲಿಂಗಯ್ಯ ಜನರನ್ನು ಆಚೀಚೆ ಸರಿಸಿದ.

ಸಾಹೇಬರು ಮಾತಾಡಿದರು. ಗಾಂಧೀಜಿ ಬಂದರು, ಬಸವಣ್ಣ ಬಂದರು. ನೀರಿಗೆ ಜಾತಿಯಿಲ್ಲ ಅಂದರು. ರೋಗವೂ ನಮಗೆ ಒಂದು ಒಳ್ಳೆಯ ಪಾಠ ಕಲಿಸಿದೆ ಅಂದರು. ನಂಜಪ್ಪನನ್ನು ವಿಶಾಲ ಹೃದಯದವರು ಎಂದು ಕರೆದರು. ನಂಜಪ್ಪ ಎದ್ದು, ಒಂದು ಸಲ ನೀರು ಸೇದಿ, ಫಳಫಳ ಹೊಳೆಯುವ ಸ್ಟೀಲಿನ ಲೋಟದಲ್ಲಿ ತುಂಬಿ ದೇವರಾಜುವಿನ ಮುಂದೆ ಹಿಡಿದ. ಕೇರಿಯವನ ಕೈಗೆ ನಂಜಪ್ಪ ನೇರವಾಗಿ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ದೇವರಾಜುವಿನ ಕಣ್ಣಲ್ಲಿ ನೀರು ಬಂತು.

"ತುಟಿಗಿಡಪ್ಪ, ಹಂಗೇ ಒಂದ್ನಿಮಿಷ ಇರು," ಅಂದ ಸ್ಟುಡಿಯೋದವನು.

ಚಿಕ್ಕಬೋರಮ್ಮ ಸ್ಕೂಲಿನಿಂದ ಬಂದಿದ್ದಳು. ಅದೇ ಸೀರೆ, ಮಂಡಿಯ ತನಕ ಒದ್ದೆ. ಜನ ವಾಸನೆಗೆ ದಾರಿ ಬಿಟ್ಟರು. ಅವಳು ನೇರವಾಗಿ ಹೋಗಿ ಮಗನ ಕೈಯಿಂದ ಲೋಟ ತೆಗೆದುಕೊಂಡಳು.

"ಅವ್ವ, ಬುಡು."

"ಸುಮ್ಕಿರು." ಅವಳು ಲೋಟವನ್ನು ನಂಜಪ್ಪನ ಮುಂದೆ ಹಿಡಿದಳು. "ನೀರಿಗೆ ಜಾತಿ ಇಲ್ಲ ಅಂದ್ರಲ್ಲ ಬುದ್ದಿ. ನೀವು ಮೊದ್ಲು ಒಂದು ಗುಟುಕು ಕುಡೀರಿ. ಆಮ್ಯಾಕೆ ನನ್ನ ಮಗ ಕುಡೀತನೆ."

ಮೈಕು ಇನ್ನೂ ಹಾಕಿತ್ತು. ಮಾತು ಊರಿಗೆಲ್ಲ ಕೇಳಿತು. ಕ್ಯಾಮೆರಾ ಎದುರಿಗಿದ್ದರಿಂದ ನಂಜಪ್ಪ ಲೋಟ ಹಿಡಿಯಲೇಬೇಕಾಯಿತು. ಹಿಡಿದ. ನೀರನ್ನು ನೋಡಿದ.

"ಶನಿವಾರ ಕಣಮ್ಮಿ ಇವತ್ತು. ನಂಗೆ ಉಪವಾಸ. ನೀರೂ ಕುಡಿಯಾಕಿಲ್ಲ," ಅಂದ. ಲೋಟವನ್ನು ಪಕ್ಕದಲ್ಲಿದ್ದ ಪೂಜಾರಿಗೆ ದಾಟಿಸಿದ. ಪೂಜಾರಿ ತನ್ನದಿನ್ನೂ ಪೂಜೆ ಮುಗಿದಿಲ್ಲ ಅಂದ, ಶಿವಲಿಂಗಯ್ಯನಿಗೆ ದಾಟಿಸಿದ. ಶಿವಲಿಂಗಯ್ಯ ಕೈಗವಸಿನ ಕೈಯಲ್ಲೇ ಹಿಡಿದು, ತನಗೆ ನೆಗಡಿಯಾಗಿದೆ, ಕಾಯಿಸಿದ ನೀರು ಬಿಟ್ಟರೆ ಬೇರೆ ಕುಡಿಯುವುದಿಲ್ಲ ಅಂದ. ಏನು ಮಾಡಲೂ ತೋಚದೆ ಅಭ್ಯಾಸಬಲದಿಂದ ಅದನ್ನು ಮೇಲಧಿಕಾರಿಗೆ ಸಲ್ಲಿಸಿದ. ಸಾಹೇಬರು ಲೋಟ ಹಿಡಿದು ನಗುವುದಕ್ಕೆ ನೋಡಿದರು. ತಮ್ಮ ನೀರಿನ ಬಾಟಲಿ ಜೀಪಿನಲ್ಲೇ ಇದೆ, ಡಾಕ್ಟರು ಬೇರೆ ನೀರು ಬೇಡ ಅಂದಿದ್ದಾರೆ ಅಂದರು. ಪಕ್ಕಕ್ಕೆ ಕೊಡಲು ಇನ್ನು ಯಾರೂ ಉಳಿದಿರಲಿಲ್ಲ. ಲೋಟ ಮತ್ತೆ ಚಿಕ್ಕಬೋರಮ್ಮನ ಕೈಗೇ ಬಂತು.

ಅವಳ ಕೈ ಮುಟ್ಟಿದ ಲೋಟವನ್ನು ಅಷ್ಟೂ ಜನ ಒಬ್ಬರಿಂದೊಬ್ಬರು ತೆಗೆದುಕೊಂಡಿದ್ದರು. ಆ ಗಡಿಬಿಡಿಯಲ್ಲಿ ಮೈಲಿಗೆ ಯಾರಿಗೂ ನೆನಪಾಗಲಿಲ್ಲ. ಪ್ರಾಣಭಯ ಮಡಿಗಿಂತ ದೊಡ್ಡದು ಅನ್ನುವುದು ಕೇರಿಯವರೆಲ್ಲರಿಗೂ ಕಣ್ಣಾರೆ ಕಂಡಿತು. ದೇವರಾಜುವಿಗೂ ಕಂಡಿತು. ಅವನ ಕೈ 'ಅವ್ವ ಬುಡು' ಎಂದು ಚಾಚಿದ್ದು ಹಾಗೇ ನಿಂತಿತ್ತು, ಈಗ ಕೆಳಗೆ ಬಂತು.

"ಬಾವಿ ನಮ್ಗೂ ಬೇಕು ಸ್ವಾಮಿ," ಅಂದಳು ಚಿಕ್ಕಬೋರಮ್ಮ ಸಾಹೇಬರಿಗೆ. "ಬ್ಯಾಡ ಅಂತ ಬರ್ಕಬ್ಯಾಡಿ. ಅಗಾ, ಆ ಗುಂಡಿ ಕಿತ್ತಾಕ್ಸಿ. ಬಾವಿ ಬಳಿಸಿ. ನೀವೆಲ್ಲ ಕುಡೀರಿ. ಅವತ್ತು ನಾವೇ ಬಿಂದ್ಗೆ ತಕ್ಕಂಡು ಬತ್ತೀವಿ, ಯಾರೂ ಕರಿಯಾದು ಬ್ಯಾಡ. ನಿಮ್ಮ ಹೇಲು ಬಳಿಯಾಕೂ ನಾವೇ, ಕುಡಿಯಾಕೂ ನಾವೇ ಅಂದ್ರೆ ಅದಾಗಕಿಲ್ಲ."

ಲೋಟದ ನೀರನ್ನು ಮಾದರಿ ಶೌಚಾಲಯದ ಕಲ್ಲಿನ ಮೇಲೆ ಚೆಲ್ಲಿ, ಹಳ್ಳದ ಕಡೆ ಹೊರಟಳು. ದೇವರಾಜು ಅವಳ ಹಿಂದೆ ಹೊರಟ. ಆಮೇಲೆ ಕುಂಟುತ್ತ ಚಿಕ್ಕಮಾದಯ್ಯ. ಆಮೇಲೆ ಒಗೆದ ಬಟ್ಟೆಯ ಕೇರಿ ಪೂರ್ತಿ. ಸಾಹೇಬರು ಗಡಿಯಾರ ನೋಡಿಕೊಂಡು, ಇನ್ನೊಂದು ಊರಿಗೆ ಹೋಗಬೇಕು, ಇದೇನಿದ್ದರೂ ನೀವೇ ಕೂತು ಸೌಹಾರ್ದವಾಗಿ ಬಗೆಹರಿಸಿಕೊಳ್ಳಿ ಎಂದು ಜೀಪು ಹತ್ತಿದರು.

ಕೇರಿಯ ಬಾವಿಯ ಹತ್ತಿರ ಮೇಲಿನ ಬೀದಿಯ ಹೆಂಗಸರು ಆಗಲೇ ಬಿಂದಿಗೆ ಹಿಡಿದು ನಿಂತಿದ್ದರು. ದೇವರಾಜು ಸರಿಯಿದ್ದ ಕೈಯಲ್ಲಿ ಜಾಲಿ ಮುಳ್ಳು ಎಳೆದ. ಕಾವಲಿನವನೊಬ್ಬ ದೊಣ್ಣೆ ಎತ್ತಿದ.

"ಒಡಿಯಪ್ಪ," ಅಂದಳು ಚಿಕ್ಕಬೋರಮ್ಮ. "ನಿಮ್ಮಪ್ಪ ಸ್ಕೂಲಲ್ಲಿ ಮೂಲೇಲಿ ಮಲಗವ್ನೆ. ಬೆಳಿಗ್ಗೆಯಿಂದ ಆರು ಸಲ ಬಳಿದಿವ್ನಿ. ನನ್ನ ಕೈ ಮುರುದ್ರೆ ಏಳ್ನೇದು ನೀನು ಬಳಿ."

ಅವನು ಅಲ್ಲೇ ನಿಂತ. ದೊಣ್ಣೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಆಮೇಲೆ, ತೋಳು ನೋವು ಬಂದಿತೋ ಏನೋ, ಇಳಿಸಿದ.

ಅವಳು ಬೋರ್ಡು ಕಿತ್ತು ಕೆಸರಿನ ಮೇಲೆ ಹಾಕಿ, ಅದರ ಮೇಲೆ ಕಾಲಿಟ್ಟು ನಿಂತಳು. ಕೇರಿಯವರು ಮನೆಗಳಿಂದ ಬಿಂದಿಗೆ ತಂದರು. ಚಿಕ್ಕಬೋರಮ್ಮ ರಾಟೆಗೆ ಹಗ್ಗ ಹಾಕಿ, ಸೇದಿ, ತನ್ನ ಬಿಂದಿಗೆ ತುಂಬಿಸಿದಳು. ಅಲ್ಲೇ ಎತ್ತಿ ಗಟಗಟ ಕುಡಿದಳು. ಮಿಕ್ಕಿದ್ದನ್ನು ಮಗನಿಗೆ ಕೊಟ್ಟಳು. ಅವನೂ ಕುಡಿದ. ಊರಿನ ಹೆಂಗಸರು ನೋಡುತ್ತ ನಿಂತರು. ಬಾವಿ ಮೈಲಿಗೆಯಾಯಿತು. ಮನೆಗಳಲ್ಲಿ ಮಕ್ಕಳು ಬಾಯಾರಿಕೊಂಡಿದ್ದವು.

"ಕುಡಿಯೋರು ಸಾಲಾಗಿ ನಿಂತ್ಕಳಿ," ಅಂದಳು ಚಿಕ್ಕಬೋರಮ್ಮ. "ಇಲ್ಲಿ ಬಾವಿ ತೋಡ್ದೋರ್ಗೆ ಮೊದ್ಲು. ಈಗ ಕೇರಿಯೋರು, ಅವ್ರ ಹಿಂದೆ ನೀವು."

ಯಾರೂ ಅಲ್ಲಾಡಲಿಲ್ಲ. ಕೊನೆಗೆ ನಂಜಪ್ಪನ ಸೊಸೆ ಯಶೋದಮ್ಮ ಮುಂದೆ ಬಂದು, ಕೇರಿಯ ಕೊನೆಯ ಹೆಂಗಸಿನ ಹಿಂದೆ ಬಿಂದಿಗೆ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಅಷ್ಟರಲ್ಲಿ ನಂಜಪ್ಪ ಶಾಮಿಯಾನದಿಂದ ಬಿರಬಿರನೆ ನಡೆದು ಬಂದ.

"ಯಶೋದ, ನಡಿ ಮನೇಗೆ."

"ನಿಮ್ಮವ್ವಾರು ಈ ನೀರೇ ಬೇಕು ಅಂತ ಕೂತವ್ರೆ ಮಾವ," ಅಂದಳು ಅವಳು ತಲೆ ಎತ್ತದೆ. ಬಿಂದಿಗೆ ಮಾತ್ರ ತೆಗೆಯಲಿಲ್ಲ.

ನಂಜಪ್ಪ ಅವರಿಬ್ಬರ ಹಿಂದೆ ಹಲ್ಲು ಕಚ್ಚಿಕೊಂಡು ನಿಂತ. ಕೂಲಿ ನಿಲ್ಲಿಸ್ತೀನಿ ಅಂದ. ಗದ್ದೆಗೆ ಕಾಲಿಡಬಾರದು ಅಂದ. ಪೊಲೀಸರನ್ನು ಕರೆಸ್ತೀನಿ ಅಂದ. ಕೇರಿಯವರು ಸೇದುತ್ತಲೇ ಇದ್ದರು. ಅವನು ಮಾತಾಡುತ್ತಿದ್ದಾಗ ಮೇಲಿನ ಬೀದಿಯಿಂದ ಇನ್ನಷ್ಟು ಹೆಂಗಸರು ಬಂದರು. ಸಾಲು ಎಲ್ಲಿ ಮುಗಿದಿದೆ ಎಂದು ನೋಡಿದರು. ನಂಜಪ್ಪ ನಿಂತಲ್ಲಿ ಮುಗಿದಿತ್ತು. ಅವನ ಹಿಂದೆ ಬಿಂದಿಗೆ ಇಟ್ಟುಕೊಂಡು ನಿಂತರು. ಅವರ ಹಿಂದೆ ಮತ್ತೆ ಕೆಲವರು ಬಂದು ನಿಂತರು.

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂತು. ಕೂಗಿ ಕೂಗಿ ನಂಜಪ್ಪನ ಗಂಟಲು ಒಣಗಿತು. "ಲೇ ಬೋರಿ, ಒಂದು ಲೋಟ ನೀರು ಕೊಡಮ್ಮಿ," ಅಂದ.

"ಸಾಲಲ್ಲಿ ಇದ್ದೀರಲ್ಲ ಬುದ್ದಿ, ಬತ್ತದೆ," ಅಂದಳು ಚಿಕ್ಕಬೋರಮ್ಮ, ಹಗ್ಗ ಎಳೆಯುತ್ತ.

ಅವನ ಮುಂದೆ ಇಪ್ಪತ್ತಮೂರು ಬಿಂದಿಗೆ ಇದ್ದವು.